ರೀಬೂಟ್ ಕಮಾಂಡೇ ಕೈಕೊಟ್ಟಾಗ: ಫೋನಲ್ಲಿ ಹೇಳಿ ಸರ್ವರ್ ರೀಸ್ಟಾರ್ಟ್ ಮಾಡ್ಸಿದ ಒಂದು ಪ್ರಕರಣ

ಸರ್ವರ್ ರೀಸ್ಟಾರ್ಟ್ ಮಾಡೋದ್ ಏನ್ ಮಹಾ, ರೀಬೂಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ರೆ ಆಯ್ತಪ್ಪ ಅಂತ ನಾನೂ ಸುಮಾರು ವರ್ಷ ಅನ್ಕೊಂಡೇ ಇದ್ದೆ. ಆ ರೀಬೂಟ್ ಅನ್ನೋದೂ ಒಂದು ಫೈಲು, ಅದೂ ಡಿಸ್ಕ್ ಮೇಲೇ ಕೂತಿರತ್ತೆ, ಡಿಸ್ಕ್ ಮಲಗಿದ್ರೆ ಅದೂ ಮಲಗತ್ತೆ ಅನ್ನೋದು ತಲೆಗೆ ಹೋಗಿದ್ದು ಒಂದು ತಿಂಗಳ ಕೊನೇ ದಿನ ಸಾಯಂಕಾಲ. ಅವತ್ತು ನಾನು ಸಾಗರದ ಹತ್ರ ಒಂದು ಹಳ್ಳೀಲಿ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ, ಲ್ಯಾಪ್‌ಟಾಪ್ ತಗೊಂಡ್ ಹೋಗಿರ್ಲಿಲ್ಲ, ನೆಟ್‌ವರ್ಕ್ ಅಂತ ಸಿಗ್ತಿದ್ದದ್ದು ಜಗಲಿಯ ಒಂದೇ ಮೂಲೇಲಿ.

ಮೊದ್ಲು ಸರ್ವರ್ ಬಗ್ಗೆ ಸ್ವಲ್ಪ ಹೇಳ್ತೀನಿ. ಒಂದು ಪತ್ತಿನ ಸಹಕಾರ ಸಂಘದ್ದು, ಹೆಸರು ಬೇಡ. ಅವರ ಪಿಗ್ಮಿ ಲೆಕ್ಕ ಪೂರ್ತಿ ಇದರಲ್ಲೇ ಇರೋದು. ಪಿಗ್ಮಿ ಗೊತ್ತಲ್ಲ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಆಯ್ತಲ್ಲ ಆ ಉಡುಪಿ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ್ದು, ಇವತ್ತಿಗೂ ಏಜೆಂಟ್‌ಗಳು ಅಂಗಡಿ ಅಂಗಡಿ ತಿರುಗಿ ದುಡ್ಡು ವಸೂಲ್ ಮಾಡ್ತಾರೆ, ಈಗ ಪಾಸ್‌ಬುಕ್ ಜೊತೆ ಮೊಬೈಲ್ ಆ್ಯಪು ಅಷ್ಟೆ. ಏಳರಿಂದ ಒಂಬತ್ತು ಗಂಟೆ ಒಳಗೆ ಎಲ್ಲರೂ ಆವತ್ತಿನ ಕಲೆಕ್ಷನ್ ಅಪ್‌ಲೋಡ್ ಮಾಡ್ಬೇಕು, ತಿಂಗಳ ಕೊನೆ ಅಂದ್ರೆ ಆಮೇಲೆ ಲೆಕ್ಕ ಕ್ಲೋಸ್ ಮಾಡೋದೂ ಇರತ್ತೆ. ಸರ್ವರ್ ಇರೋದು ಬೆಂಗಳೂರಿನ ಒಂದು ಡೇಟಾ ಸೆಂಟರ್ ರ‍್ಯಾಕಲ್ಲಿ, ಡೆಬಿಯನ್ ಲಿನಕ್ಸು, ಡೇಟಾಬೇಸ್ ಪೋಸ್ಟ್‌ಗ್ರೆಸ್. ಡೇಟಾಬೇಸ್ ಇರೋದು ಎರಡು ಎಸ್‌ಎಸ್‌ಡಿ ಸೇರ್ಸಿ ಮಿರರ್ ಮಾಡಿದ ಜಾಗದಲ್ಲಿ, ಒಂದ್ ಹೋದ್ರೆ ಇನ್ನೊಂದ್ ಇರತ್ತೆ. ಆದ್ರೆ ಆಪರೇಟಿಂಗ್ ಸಿಸ್ಟಮ್ ಮಾತ್ರ ಒಂದೇ ಒಂದು ಎಸ್‌ಎಸ್‌ಡಿ ಮೇಲೆ. ಅದನ್ನ ಹಾಗೆ ಇಟ್ಟಿದ್ದು ನಾನೇ, ಓಎಸ್ ಹೋದ್ರೆ ಅರ್ಧ ಗಂಟೇಲಿ ಮತ್ತೆ ಹಾಕ್ಬೋದು ಬಿಡು ಅಂತ. ಅರ್ಧ ಗಂಟೆ ಅನ್ನೋದು ಸರ್ವರ್ ಮುಂದೆ ಕೂತಿದ್ದಾಗಿನ ಲೆಕ್ಕ, ಜಗಲಿ ಮೇಲೆ ನಿಂತಾಗಿಂದಲ್ಲ.

ಎಂಟೂ ಹನ್ನೆರಡಕ್ಕೆ ಆಫೀಸಿಂದ ನಮ್ಮ ಹುಡ್ಗನ ಫೋನು.

"ಅಣ್ಣಾ, ಲಾಗಿನ್ ಆಗ್ತಿಲ್ಲ ಅಂತ ಏಜೆಂಟ್‌ಗಳು ಬೊಬ್ಬೆ ಹೊಡೀತಿದಾರೆ, ರೀಬೂಟ್ ಕೊಡ್ತಿದೀನಿ, ಅದೂ ಆಗ್ತಿಲ್ಲ."

"ಏನ್ ಬರ್ತಿದೆ ಸ್ಕ್ರೀನ್ ಮೇಲೆ, ಇದ್ದಿದ್ದು ಇದ್ದಂಗೆ ಓದು."

"ಬ್ಯಾಶ್ ಅಂತ ಇದೆ, ಆಮೇಲೆ ರೀಬೂಟ್ ಫೈಲಿನ ಪಾತ್, ಆಮೇಲೆ ಇನ್‌ಪುಟ್ ಔಟ್‌ಪುಟ್ ಎರರ್."

"ಎಷ್ಟ್ ಸಲ ಹೊಡ್ದೆ?"

"ಐದಾರ್ ಸಲ..."

"ಇನ್ನೊಂದ್ ಸಲ ಹೊಡೀಬೇಡ ಮಾರಾಯ. ಆ ವಿಂಡೋ ಮುಚ್ಬೇಡ, ಆ ಪಿಸಿಯ ಪ್ಲಗ್ ಹತ್ರ ಯಾರನ್ನೂ ಬಿಡ್ಬೇಡ."

ಅವನು ಮಧ್ಯಾಹ್ನ ಬ್ಯಾಕಪ್ ನೋಡೋಕೆ ಅಂತ ರೂಟ್ (ಎಲ್ಲಾ ಅಧಿಕಾರ ಇರೋ ಬಳಕೆದಾರ) ಆಗಿ ಲಾಗಿನ್ ಆಗಿದ್ದ, ಲಾಗೌಟ್ ಮಾಡೋದು ಮರೆತಿದ್ದ. ಬೇರೆ ದಿನ ಆಗಿದ್ರೆ ಬೈತಿದ್ದೆ, ಅವತ್ತು ಆ ಮರೆವೇ ನಮ್ಮನ್ನ ಕಾಪಾಡಿದ್ದು. ಯಾಕಂದ್ರೆ ಹೊಸದಾಗಿ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗೋ ದಾರಿ) ಮಾಡೋಕೆ ಹೋದ್ರೆ ಕನೆಕ್ಟ್ ಆಗಿ ತಕ್ಷಣ ಕಟ್ ಆಗ್ತಿತ್ತು. ಕಾಯ್ತಾ ಕೂತಿರೋ ಎಸ್‌ಎಸ್‌ಎಚ್ ಪ್ರೋಸೆಸ್ ಮೆಮೊರೀಲಿ ಜೀವಂತ ಇರತ್ತೆ, ಆದ್ರೆ ಒಬ್ಬೊಬ್ಬರು ಬಂದಾಗ್ಲೂ ಅದು ತನ್ನ ಪ್ರೋಗ್ರಾಮ್ ಫೈಲನ್ನ ಡಿಸ್ಕಿಂದ ಮತ್ತೆ ಎಬ್ಬಿಸ್ಬೇಕು, ಪಾಸ್‌ವರ್ಡ್ ನೋಡೋ ಲೈಬ್ರರಿ ಓದ್ಬೇಕು, ಅದೆಲ್ಲ ಎಲ್ಲಿಂದ ಬರ್ಬೇಕು. ಪಿಂಗ್ (ಸರ್ವರ್ ಇದ್ಯಾ ಅಂತ ನೆಟ್‌ವರ್ಕಲ್ಲಿ ಕೂಗಿ ನೋಡೋದು) ಮಾತ್ರ ಆರಾಮಾಗಿ ಬರ್ತಿತ್ತು, ಪಿಂಗಿಗೆ ಉತ್ತರ ಕೊಡೋದು ಕರ್ನಲ್ಲು, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದು ಪೂರ್ತಿ ರ‍್ಯಾಮಲ್ಲಿರತ್ತೆ. ಹಾಗಾಗಿ ಹೊರಗಡೆ ಮಾನಿಟರಿಂಗ್ ನೋಡಿದ್ರೆ ಎಲ್ಲ ಹಸಿರು.

ಅವನ ಟರ್ಮಿನಲ್ಲಲ್ಲಿ ಇನ್ನೊಂದು ವಿಚಿತ್ರ. ಎಲ್‌ಎಸ್ ಕೆಲಸ ಮಾಡ್ತಿತ್ತು, ಟಾಪ್ ಮಾಡ್ತಿರ್ಲಿಲ್ಲ. ಕರ್ನಲ್ಲಿನ ಮೆಸೇಜ್ ತೋರ್ಸೋ ಡಿಮೆಸೇಜ್ ಬಂತು, ರೀಬೂಟ್ ಬರ್ಲಿಲ್ಲ. ಅವನಿಗೆ ಇದು ದೆವ್ವದ ಕಾಟ ಅನ್ನಿಸಿಬಿಟ್ಟಿತ್ತು. ಆದ್ರೆ ಲೆಕ್ಕ ಸರಳ: ಇತ್ತೀಚೆಗೆ ಓಡಿಸಿದ ಪ್ರೋಗ್ರಾಮ್‌ಗಳು ರ‍್ಯಾಮಿನ ಪೇಜ್ ಕ್ಯಾಶಲ್ಲಿ ಉಳ್ಕೊಂಡಿರ್ತವೆ, ಅವು ಡಿಸ್ಕ್ ಇಲ್ದೇನೂ ಓಡ್ತವೆ. ರೀಬೂಟ್ ಕಮಾಂಡ್ ಆ ಸರ್ವರಲ್ಲಿ ಯಾರೂ ಮುಟ್ಟಿ ವರ್ಷದ ಮೇಲಾಗಿತ್ತು, ಹಾಗಾಗಿ ಅದು ಕ್ಯಾಶಲ್ಲಿ ಎಲ್ಲಿರ್ಬೇಕು.

ಡಿಮೆಸೇಜ್ ಕೊನೇ ಮೂವತ್ತು ಸಾಲು ಫೋಟೋ ಹೊಡ್ದು ವಾಟ್ಸಾಪ್ ಮಾಡು ಅಂದೆ. (ಈ ಫೋಟೋ ಆಮೇಲೆ ಬಹಳ ಉಪಯೋಗಕ್ಕೆ ಬಂತು. ಲಾಗ್ ಬರೀಬೇಕಾದ ಡಿಸ್ಕೇ ಇಲ್ಲ ಅಂದ್ಮೇಲೆ ರೀಸ್ಟಾರ್ಟ್ ಆದ್ಮೇಲೆ ಹುಡುಕಿದ್ರೆ ಆ ಹೊತ್ತಿನ ಲಾಗ್ ಒಂದಕ್ಷರ ಇರ್ಲಿಲ್ಲ.) ಫೋಟೋದಲ್ಲಿ ಕತೆ ಪೂರ್ತಿ ಇತ್ತು: ಮೊದಲ ಸಾಟಾ ಪೋರ್ಟಲ್ಲಿ ಹಾರ್ಡ್ ರೀಸೆಟ್ಟಿಂಗ್ ಲಿಂಕ್ ಅಂತ ಮೂರ್ನಾಕು ಸಲ, ಆಮೇಲೆ ಡಿಸೇಬಲ್ಡ್, ಆಮೇಲೆ ಐಓ ಎರರ್‌ಗಳ ಸಾಲು, ಕೊನೆಗೆ ಫೈಲ್‌ಸಿಸ್ಟಮ್ ರೀಡ್ ಓನ್ಲಿ ಆಗಿ ರೀಮೌಂಟ್. ಅಂದ್ರೆ ಓಎಸ್ ಡಿಸ್ಕು ಬಸ್ ಮೇಲಿಂದಾನೇ ಮಾಯ.

ಈಗ ಡೇಟಾ ಡಿಸ್ಕ್‌ಗಳ ಗತಿ ಏನು? ಇದನ್ನ ನೋಡ್ದೆ ಬಲವಂತದ ರೀಸ್ಟಾರ್ಟ್‌ಗೆ ಕೈ ಹಾಕೋ ಧೈರ್ಯ ನಂಗಿರ್ಲಿಲ್ಲ. ಕ್ಯಾಟ್ ಕಮಾಂಡ್ ಬೇರೆ ಸತ್ತಿತ್ತು. ಆದ್ರೆ ಬ್ಯಾಶ್ ಶೆಲ್ ಅನ್ನೋದು ಆಗ್ಲೇ ಮೆಮೊರೀಲಿ ಓಡ್ತಿರೋ ಪ್ರೋಗ್ರಾಮು, ಅದರ ಹೊಟ್ಟೆ ಒಳಗೇ ಕೆಲವು ಕಮಾಂಡ್‌ಗಳಿವೆ, ಅವಕ್ಕೆ ಬೇರೆ ಫೈಲ್ ಬೇಡ. ಎಕೋ, ರೀಡ್, ಕಿಲ್, ಸಿಡಿ, ಪ್ರಿಂಟ್‌ಎಫ್ ಇವೆಲ್ಲ ಹಾಗೇ. ಜೊತೆಗೆ ಪ್ರಾಕ್ ಡೈರೆಕ್ಟರಿ ಡಿಸ್ಕ್ ಮೇಲೆ ಇರೋದೇ ಅಲ್ಲ, ಕರ್ನಲ್ ಕೇಳ್ದಾಗ ಹುಟ್ಸಿ ಕೊಡತ್ತೆ. ಇವೆರಡೂ ಸೇರಿದ್ರೆ ಡಿಸ್ಕಿಲ್ಲದ ಸರ್ವರಲ್ಲೂ ಸಾಕಷ್ಟು ಸಂಸಾರ ಮಾಡ್ಬೋದು. ಡಾಲರ್, ಬ್ರಾಕೆಟ್, ಲೆಸ್ ದ್ಯಾನ್, ಸ್ಲ್ಯಾಶ್ ಪ್ರಾಕ್ ಸ್ಲ್ಯಾಶ್ ಎಂಡಿಸ್ಟ್ಯಾಟ್, ಬ್ರಾಕೆಟ್ ಕ್ಲೋಸ್, ಇಷ್ಟನ್ನ ಡಬಲ್ ಕೋಟ್ ಒಳಗೆ ಹಾಕಿ ಮುಂದೆ ಎಕೋ ಅಂತ ಹೊಡಿ ಅಂದೆ. ಹೊಡೆದ. "ಚೌಕದ ಬ್ರಾಕೆಟ್ ಒಳಗೆ ಯು ಯು ಅಂತಿದೆ ಅಣ್ಣಾ" ಅಂದ. ಎರಡು ಯು ಬಂದ್ರೆ ಮಿರರಿನ ಎರಡೂ ಡಿಸ್ಕ್ ಸರಿ ಇದಾವೆ ಅಂತ. ಅಷ್ಟೊತ್ತಿಗೆ ಒಳಗಿಂದ ಊಟಕ್ಕೆ ಕರೆಯೋಕೆ ಶುರು ಮಾಡಿದ್ರು, ಕಡೇ ಪಂಕ್ತಿಗೆ ಕೂರ್ತೀನಿ ಅಂದೆ.

ಡೇಟಾಬೇಸ್ ಇನ್ನೂ ಓಡ್ತಾನೇ ಇತ್ತು ಪಾಪ. ಲಾಗಿನ್ ಫೇಲ್ ಆಗ್ತಿದ್ದದ್ದು ಅದರ ಮುಂದಿರೋ ವೆಬ್ ಅಪ್ಲಿಕೇಶನ್‌ಗೆ ತನ್ನ ಸೆಷನ್ ಫೈಲ್ ಬರೆಯೋಕೆ ಡಿಸ್ಕ್ ಇಲ್ಲ ಅಂತ. ಇಲ್ಲಿ ಎರಡು ದಾರಿ ಇತ್ತು. ಪೋಸ್ಟ್‌ಗ್ರೆಸ್ ಕಮಿಟ್ ಆದ ಪ್ರತಿ ವ್ಯವಹಾರವನ್ನೂ ಮೊದ್ಲು ತನ್ನ ಲಾಗಿಗೆ ಬರ್ದು ಡಿಸ್ಕಿಗೆ ಒತ್ತಿದ್ಮೇಲೇನೇ ಆಯ್ತು ಅನ್ನೋದು, ಹಾಗಾಗಿ ದಿಢೀರ್ ಅಂತ ಕರೆಂಟ್ ಕಿತ್ರೂ ತಿರುಗಿ ಎದ್ದಾಗ ಆ ಲಾಗ್ ಓದಿ ಸರಿ ಮಾಡ್ಕೊಳತ್ತೆ. ಅದನ್ನೇ ನಂಬಿ ನೇರ ರೀಸ್ಟಾರ್ಟ್ ಕೊಡ್ಬೋದಿತ್ತು. ಆದ್ರೆ ತಿಂಗಳ ಕೊನೆ, ಬೇರೆಯೋರ ದುಡ್ಡು, ನಂಗೆ ನಂಬಿಕೆಗಿಂತ ನಿದ್ದೆ ಮುಖ್ಯ. ಮರ್ಯಾದೆಯಾಗಿ ನಿಲ್ಸೋಣ ಅಂದೆ. ನಿಲ್ಸೋ ಕಮಾಂಡ್ ಸಿಸ್ಟಮ್‌ಸಿಟಿಎಲ್ಲೂ ಡಿಸ್ಕ್ ಮೇಲಿಂದೇ, ಅದೂ ಇಲ್ಲ. ಆದ್ರೆ ಕಿಲ್ ಇದೆಯಲ್ಲ! ಪೋಸ್ಟ್‌ಗ್ರೆಸ್‌ನ ಯಜಮಾನ ಪ್ರೋಸೆಸ್ಸಿಗೆ ಇಂಟ್ ಅನ್ನೋ ಸಿಗ್ನಲ್ ಕಳ್ಸಿದ್ರೆ ಅದು ಎಲ್ಲರ ಕನೆಕ್ಷನ್ ಕಿತ್ತು, ಅರ್ಧಂಬರ್ಧ ಆಗಿರೋದನ್ನ ರದ್ದು ಮಾಡಿ, ಚೆಕ್‌ಪಾಯಿಂಟ್ ಹಾಕಿ ನೀಟಾಗಿ ನಿಲ್ಲತ್ತೆ. ಟರ್ಮ್ ಕಳ್ಸಿದ್ರೆ ಎಲ್ಲರೂ ಅವರಾಗೇ ಹೋಗೋ ತನಕ ಕಾಯ್ತಾ ಕೂರತ್ತೆ, ಕ್ವಿಟ್ ಕಳ್ಸಿದ್ರೆ ಬೀಳ್ಸಿದಂಗೆ. ಪ್ರೋಸೆಸ್ ನಂಬರ್ ಹೆಂಗೆ? ಡೇಟಾ ಡೈರೆಕ್ಟರೀಲಿ ಪೋಸ್ಟ್‌ಮಾಸ್ಟರ್ ಡಾಟ್ ಪಿಐಡಿ ಅಂತ ಫೈಲಿದೆ, ಮೊದಲನೇ ಸಾಲೇ ನಂಬರು, ಆ ಡೈರೆಕ್ಟರಿ ಇರೋದು ನೆಟ್ಟಗಿರೋ ಮಿರರ್ ಮೇಲೆ. ರೀಡ್ ಪಿ, ಲೆಸ್ ದ್ಯಾನ್, ಆ ಫೈಲು. ಆಮೇಲೆ ಎಕೋ ಡಾಲರ್ ಪಿ, ನಂಬರ್ ಬಂತು. ಆಮೇಲೆ ಕಿಲ್ ಮೈನಸ್ ಇಂಟ್ ಡಾಲರ್ ಪಿ.

ನಿಂತಿತೋ ಇಲ್ವೋ ನೋಡೋಕೂ ಎಕೋನೇ. ಎಕೋ ಕೊಟ್ಟು ಆ ಫೈಲ್ ಹೆಸರಿನ ಕೊನೆಗೆ ನಕ್ಷತ್ರ ಹಾಕಿದ್ರೆ ಫೈಲ್ ಇದ್ರೆ ಬ್ಯಾಶ್ ಅದರ ಹೆಸರು ತುಂಬಿ ತೋರ್ಸತ್ತೆ, ಇಲ್ದಿದ್ರೆ ನಕ್ಷತ್ರ ನಕ್ಷತ್ರವಾಗೇ ಉಳಿಯತ್ತೆ. ಪೋಸ್ಟ್‌ಗ್ರೆಸ್ ಸರಿಯಾಗಿ ನಿಂತಾಗ ಆ ಫೈಲ್ ಅಳಿಸಿ ಹೋಗತ್ತೆ. ಮೂರನೇ ಸಲಕ್ಕೆ "ನಕ್ಷತ್ರ ಹಂಗೇ ಇದೆ ಅಣ್ಣಾ" ಅಂದ, ಜಗಲಿ ಮೇಲೆ ನಾನೊಂದ್ ಉಸಿರು ಬಿಟ್ಟೆ.

ಇನ್ನು ರೀಸ್ಟಾರ್ಟು. ಲಿನಕ್ಸ್ ಕರ್ನಲ್ಲಿಗೆ ಸಿಸ್‌ಆರ್‌ಕ್ಯೂ ಅಂತ ಒಂದು ಹಿಂಬಾಗಿಲು ಇದೆ. ಕೀಬೋರ್ಡಲ್ಲಿ ಆಲ್ಟ್ ಜೊತೆ ಸಿಸ್‌ಆರ್‌ಕ್ಯೂ ಕೀ ಒತ್ತಿ ಒಂದಕ್ಷರ ಹೊಡೆದ್ರೆ ಕರ್ನಲ್ ನೇರ ಕೇಳತ್ತೆ, ಮಧ್ಯ ಯಾವ ಪ್ರೋಗ್ರಾಮೂ ಇಲ್ಲ. ದೂರದಿಂದ ಮಾಡೋಕೆ ಅದೇ ಅಕ್ಷರವನ್ನ /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್ ಅನ್ನೋ ಫೈಲಿಗೆ ಬರೆಯೋದು. ಕೀಬೋರ್ಡಿಗೆ ಯಾವ ಅಕ್ಷರ ನಡೀಬೇಕು ಅಂತ ಒಂದು ನಂಬರ್ ಇಟ್ಟಿರ್ತಾರೆ, ಉಬುಂಟುಲಿ ಅದು 176, ಅಂದ್ರೆ 16 ಸಿಂಕ್, 32 ರೀಡ್ ಓನ್ಲಿ, 128 ರೀಬೂಟ್ ಸೇರ್ಸಿದ್ದು. ಟ್ರಿಗರ್ ಫೈಲಿಗೆ ರೂಟ್ ಬರೆದ್ರೆ ಆ ನಂಬರಿನ ಹಂಗಿಲ್ಲ, ಎಲ್ಲಾ ನಡೆಯತ್ತೆ. ಬಿ ಅಂತ ಬರೆದ್ರೆ ಆ ಕ್ಷಣವೇ ರೀಬೂಟು, ಫೈಲ್ ಉಳ್ಸೋದಿಲ್ಲ, ಅನ್‌ಮೌಂಟ್ ಇಲ್ಲ, ಹೋಗ್ಬರ್ತೀನಿ ಅನ್ನೋದಿಲ್ಲ. ಅದಕ್ಕೆ ಮೊದ್ಲು ಎಸ್, ರ‍್ಯಾಮಲ್ಲಿ ಬಾಕಿ ಇರೋದನ್ನ ಡಿಸ್ಕಿಗೆ ಬರಿ ಅಂತ, ಆಮೇಲೆ ಯು, ಎಲ್ಲಾ ಫೈಲ್‌ಸಿಸ್ಟಮ್ ರೀಡ್ ಓನ್ಲಿ ಮಾಡು ಅಂತ, ಆಮೇಲೆ ಬಿ. ಪುಸ್ತಕದಲ್ಲಿ ಆರ್ ಇ ಐ ಎಸ್ ಯು ಬಿ ಅಂತ ಆರಕ್ಷರ ಬಾಯಿಪಾಠ ಮಾಡಿಸ್ತಾರೆ, ಆದ್ರೆ ಎಸ್‌ಎಸ್‌ಎಚ್ ಮೂಲಕ ಕೂತೋರು ಇ ಹೊಡೆದ್ರೆ ಎಲ್ಲಾ ಪ್ರೋಸೆಸ್ಸಿಗೂ ಟರ್ಮ್ ಹೋಗಿ ನಿಮ್ಮ ಟರ್ಮಿನಲ್ಲೇ ಸಾಯತ್ತೆ, ಕೂತ ಕೊಂಬೆ ಕಡ್ಕೊಂಡಂಗೆ. ದೂರದಿಂದ ಮಾಡೋರಿಗೆ ಕೊನೇ ಮೂರಕ್ಷರ ಸಾಕು.

ಇನ್ನೊಂದು ಮಾತು, ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸೋ ಸೂಡೋ ಸೇರ್ಸಿ ಸೂಡೋ ಎಕೋ ಬಿ ಅಂತ ಹೊಡ್ದು ಗ್ರೇಟರ್ ದ್ಯಾನ್ ಹಾಕಿದ್ರೆ ಪರ್ಮಿಷನ್ ಡಿನೈಡ್ ಅಂತ ಬರತ್ತೆ, ಫೈಲ್ ತೆರೆಯೋದು ಸೂಡೋ ಅಲ್ಲ, ನಿಮ್ಮ ಶೆಲ್ಲು. ಅದಕ್ಕೆ ಸಾಮಾನ್ಯವಾಗಿ ಸೂಡೋ ಟೀ ಬಳಸ್ತಾರೆ. ನಮ್ಮ ಪ್ರಕರಣದಲ್ಲಿ ಸೂಡೋ, ಟೀ ಎರಡೂ ಡಿಸ್ಕ್ ಜೊತೆ ಹೋಗಿದ್ವು. ರೂಟ್ ಆಗಿ ತೆರೆದಿಟ್ಟ ಶೆಲ್ ಇರ್ಲಿಲ್ಲ ಅಂದಿದ್ರೆ ಇಷ್ಟೂ ಆಟ ಇಲ್ಲ.

ಹುಡುಗನ ಹತ್ರ ಎರಡು ಟರ್ಮಿನಲ್ ಟ್ಯಾಬ್ ತೆರೆದಿತ್ತು, ಇನ್ನೊಂದು ಟ್ಯಾಬು ಬೇರೆ ಸಂಘದ ಸರ್ವರು. ಎಕೋ ಡಾಲರ್ ಹೋಸ್ಟ್‌ನೇಮ್, ದೊಡ್ಡಕ್ಷರದಲ್ಲಿ, ಮೊದ್ಲು ಅದು ಓದಿ ಹೇಳು ಅಂದೆ. ಎರಡನೇ ಟ್ಯಾಬನ್ನ ಮುಚ್ಚಿಸಿದೆ. ಡೆಬಿಯನ್ನಲ್ಲಿ ಮಾಲಿಗಾರ್ಡ್ ಅಂತ ಒಂದು ಪ್ಯಾಕೇಜಿದೆ, ಎಸ್‌ಎಸ್‌ಎಚ್‌ನಿಂದ ರೀಬೂಟ್ ಕೊಟ್ರೆ ಯಾವ ಸರ್ವರ್ ಹೆಸರು ಹೇಳು ಅಂತ ಕೇಳತ್ತೆ, ತಪ್ಪಾದ್ರೆ ಬಿಡಲ್ಲ. ಹೆಸರಿನ ಹಿಂದಿರೋ ಮಾಲಿ ಒಬ್ಬ ಪ್ರೋಗ್ರಾಮರನ ಪುಟ್ಟ ಮಗಳಂತೆ, ಐಬಿಎಂ ಮೆಷಿನ್ನಿನ ದೊಡ್ಡ ಕೆಂಪು ಸ್ವಿಚ್ಚನ್ನ ಒಂದೇ ದಿನ ಎರಡು ಸಲ ಆಫ್ ಮಾಡಿದ್ಲಂತೆ. ಆದ್ರೆ ಸಿಸ್‌ಆರ್‌ಕ್ಯೂಗೆ ಯಾವ ಮಾಲಿಗಾರ್ಡೂ ಅಡ್ಡ ಬರಲ್ಲ, ಅಲ್ಲಿ ಕೇಳೋರು ನಾವೇ ಆಗ್ಬೇಕು. "ಟೈಪ್ ಮಾಡು, ಎಂಟರ್ ಒತ್ಬೇಡ, ನಂಗೆ ಓದಿ ಹೇಳು" ಅನ್ನೋದನ್ನ ಅವತ್ತು ಇಪ್ಪತ್ತು ಸಲ ಹೇಳಿರ್ಬೇಕು.

ಎಸ್ ಹೊಡೆದ, ಡಿಮೆಸೇಜಲ್ಲಿ ಎಮರ್ಜೆನ್ಸಿ ಸಿಂಕ್ ಕಂಪ್ಲೀಟ್ ಅಂತ ಬರೋ ತನಕ ಕಾದ್ವಿ. ಆ ಕಮಾಂಡ್ ವಾಪಸ್ ಬಂದ ತಕ್ಷಣ ಕೆಲಸ ಮುಗೀತು ಅಂತಲ್ಲ, ಸಿಂಕ್ ಹಿಂದುಗಡೆ ನಡೀತಿರತ್ತೆ, ಅದಕ್ಕೇ ಮೆಸೇಜ್ ನೋಡ್ಬೇಕು. ಯು ಹೊಡೆದ, ಮತ್ತೆ ಕಾದ್ವಿ. ಎಂಟೂ ಮೂವತ್ತೊಂದಕ್ಕೆ ಬಿ. ಟರ್ಮಿನಲ್ ಕಲ್ಲಾಯ್ತು, ಪಿಂಗ್ ನಿಂತ್ಹೋಯ್ತು. ಅವನು ಖುಷೀಲಿ ಕೂಗಿದ್ದು ಸ್ಪೀಕರ್ ಇಲ್ದೇನೇ ಜಗಲಿಗೆಲ್ಲ ಕೇಳ್ಸಿತು.

ಆ ಸರ್ವರ್ ಪೋಸ್ಟ್ (ಆನ್ ಆದಾಗ ಹಾರ್ಡ್‌ವೇರ್ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳೋದು) ಮುಗಿಸಿ ಎದ್ದೇಳೋಕೆ ನಾಕು ನಿಮಿಷ ತಗೊಳತ್ತೆ, ಸರ್ವರ್ ಬೋರ್ಡ್‌ಗಳು ಹಾಗೇ, ಮೆಮೊರಿ ಎಣಿಸ್ತಾ ಕಂಟ್ರೋಲರ್ ಎಬ್ಬಿಸ್ತಾ ಕೂರ್ತವೆ. ಬರೀ ಕರ್ನಲ್ ಬದಲಾಯ್ಸೋಕೆ ರೀಸ್ಟಾರ್ಟ್ ಮಾಡೋದಾದ್ರೆ ಕೆಎಕ್ಸೆಕ್ ಬಳಸಿ ಈ ಪೋಸ್ಟನ್ನೇ ಹಾರಿಸಿ ಒಂದೇ ಸಲ ಹೊಸ ಕರ್ನಲ್ಲಿಗೆ ಜಿಗೀಬೋದು, 2005ರಿಂದ ಲಿನಕ್ಸಲ್ಲಿ ಇದೆ. ಇಲ್ಲಿ ಅದು ಬೇಡ, ನಮಗೆ ಬೇಕಾಗಿದ್ದೇ ಹಾರ್ಡ್‌ವೇರ್ ಮತ್ತೆ ಏಳೋದು. ಐದು ನಿಮಿಷ ಆಯ್ತು, ಪಿಂಗ್ ಇಲ್ಲ. ಹತ್ತಾಯ್ತು, ಇಲ್ಲ. ಹುಡುಗನ ದನಿ ಸಣ್ಣ ಆಯ್ತು. ಅಮೆಜಾನಿನ ಎಸ್3 2017ರ ಫೆಬ್ರವರಿ 28ಕ್ಕೆ ಬಿದ್ದಾಗ ಮೇಲೇಳೋಕೆ ಅಷ್ಟು ಹೊತ್ತಾಗೋಕೆ ಒಂದು ಕಾರಣ, ಅದರ ಮುಖ್ಯ ಭಾಗಗಳನ್ನ ವರ್ಷಾನುಗಟ್ಟಲೆ ಪೂರ್ತಿ ರೀಸ್ಟಾರ್ಟ್ ಮಾಡೇ ಇರ್ಲಿಲ್ಲ ಅನ್ನೋದು, ಅದು ಆಗ ನೆನಪಾಯ್ತು, ನಮ್ಮದೂ ನಾನೂರು ದಿನದ ಅಪ್‌ಟೈಮ್ ಅಂತ ಇವನು ಹೋದ ವಾರ ಸ್ಟೇಟಸ್ ಬೇರೆ ಹಾಕಿದ್ದ.

ವಿಪಿಎನ್ ಹಾಕ್ಕೊಂಡು ಸರ್ವರಿನ ಬಿಎಂಸಿಗೆ ಹೋಗು ಅಂದೆ. ಅದು ಸರ್ವರ್ ಬೋರ್ಡ್ ಮೇಲೇ ಇರೋ ಇನ್ನೊಂದು ಚಿಕ್ಕ ಕಂಪ್ಯೂಟರು, ಅದಕ್ಕೆ ಬೇರೆ ನೆಟ್‌ವರ್ಕ್ ಪೋರ್ಟು, ದೊಡ್ಡಣ್ಣ ಸತ್ರೂ ಇದು ಎದ್ದಿರತ್ತೆ. ಕನ್ಸೋಲಲ್ಲಿ ಬೂಟ್ ಡಿವೈಸ್ ಸಿಗ್ಲಿಲ್ಲ ಅಂತ ಬಂದು ನಿಂತಿತ್ತು. ಆಗ ನಂಗೆ ನನ್ನ ತಪ್ಪು ಹೊಳೀತು. ಬಿ ಅನ್ನೋದು ಬಿಸಿ ರೀಸ್ಟಾರ್ಟು, ಪ್ರೊಸೆಸರ್ ಮೊದಲಿಂದ ಶುರು ಮಾಡತ್ತೆ, ಆದ್ರೆ ಡಿಸ್ಕಿಗೆ ಹೋಗೋ ಕರೆಂಟು ಒಂದು ಕ್ಷಣಾನೂ ಕಟ್ ಆಗಲ್ಲ. ಎಸ್‌ಎಸ್‌ಡಿ ಒಳಗೂ ಒಂದು ಪುಟ್ಟ ಪ್ರೊಸೆಸರ್, ಅದರದ್ದೇ ಫರ್ಮ್‌ವೇರ್, ಅದು ಜಡ್ಡುಗಟ್ಟಿ ಕೂತಿದ್ರೆ ಹೊರಗಿಂದ ಎಷ್ಟು ಸಲ ಕರೆದ್ರೂ ಕೇಳಲ್ಲ, ಕರೆಂಟು ತೆಗೆದ್ರೇನೇ ಏಳೋದು. ಇದು ಹೊಸ ಕಾಯಿಲೆ ಅಲ್ಲ. ಕ್ರೂಶಿಯಲ್ ಎಂ4 ಅಂತ ಒಂದು ಎಸ್‌ಎಸ್‌ಡಿ ಬರ್ತಿತ್ತು, ಅದು 5184 ಗಂಟೆ, ಅಂದ್ರೆ ಸರಿಯಾಗಿ 216 ದಿನ ಓಡಿದ್ಮೇಲೆ ಸುಮ್ಮನೆ ನಿಂತುಬಿಡ್ತಿತ್ತು, ಕರೆಂಟು ಕಿತ್ತು ಹಾಕಿದ್ರೆ ಒಂದು ಗಂಟೆ ಓಡಿ ಮತ್ತೆ ನಿಲ್ತಿತ್ತು, 2012ರ ಜನವರೀಲಿ ಫರ್ಮ್‌ವೇರ್ ಕೊಟ್ಟು ಸರಿ ಮಾಡಿದ್ರು. ನಮ್ಮದು ಬೇರೆ ಕಂಪನಿದು, ಆದ್ರೆ ಲಕ್ಷಣ ಅದೇ ಜಾತಿದು.

ಬಿಎಂಸಿಗೆ ಆಜ್ಞೆ ಕೊಡೋ ಐಪಿಎಂಐ ಟೂಲಲ್ಲಿ ಪವರ್ ರೀಸೆಟ್ ಅಂತಾನೂ ಇದೆ, ಪವರ್ ಸೈಕಲ್ ಅಂತಾನೂ ಇದೆ. ಎರಡೂ ಒಂದೇ ಅನ್ಕೊಂಡಿರೋರು ತುಂಬಾ ಜನ. ರೀಸೆಟ್ಟಲ್ಲಿ ಕರೆಂಟು ಹೋಗಲ್ಲ, ಸೈಕಲ್ಲಲ್ಲಿ ಕನಿಷ್ಠ ಒಂದು ಸೆಕೆಂಡ್ ಹೋಗಿ ಬರತ್ತೆ. ಚಾಸಿ ಪವರ್ ಸೈಕಲ್ ಅಂತ ಹೊಡೆಸಿದೆ. ಎಂಟೂ ಐವತ್ತೆರಡು. ಐವತ್ತೆಂಟಕ್ಕೆ ಲಾಗಿನ್ ಬಂತು. ಓಎಸ್ ಡಿಸ್ಕು ಜರ್ನಲ್ ಓದಿ ಸರಿ ಮಾಡ್ಕೊಂಡು ಎದ್ದಿತ್ತು, ಪೋಸ್ಟ್‌ಗ್ರೆಸ್ ಲಾಗಲ್ಲಿ ಡೇಟಾಬೇಸ್ ಇಷ್ಟೊತ್ತಿಗೆ ಶಟ್‌ಡೌನ್ ಆಗಿತ್ತು ಅಂತ ಒಂದೇ ಸಾಲು, ಸರಿಯಾಗಿ ಶಟ್‌ಡೌನ್ ಆಗಿಲ್ಲ ರಿಕವರಿ ಮಾಡ್ತಿದೀನಿ ಅನ್ನೋ ಸಾಲು ಇರ್ಲೇ ಇಲ್ಲ. ಏಜೆಂಟ್‌ಗಳ ಆ್ಯಪಲ್ಲಿ ಕಲೆಕ್ಷನ್ ಫೋನ್ ಒಳಗೇ ಉಳ್ದಿತ್ತು, ಒಂಬತ್ತೂಮುಕ್ಕಾಲಿಗೆ ಎಲ್ಲರದ್ದೂ ಹತ್ತಿ ಆವತ್ತಿನ ಮೊತ್ತ ತಾಳೆ ಆಯ್ತು.

ತಿರುಗಿ ಯೋಚ್ನೆ ಮಾಡಿದಾಗ, ಬಿ ಹೊಡೆದು ಕಾದ ಇಪ್ಪತ್ತೊಂದು ನಿಮಿಷ ಪೂರ್ತಿ ದಂಡ. ಡಿಸ್ಕು ಬಸ್ಸಿಂದಾನೇ ಮಾಯ ಆಗಿದೆ ಅಂತ ಡಿಮೆಸೇಜ್ ಹೇಳಿದ್ಮೇಲೆ ಎಸ್, ಯು ಮುಗ್ಸಿ ನೇರ ಪವರ್ ಸೈಕಲ್ಲಿಗೆ ಹೋಗ್ಬೇಕಿತ್ತು. ಆದ್ರೆ ಅದಕ್ಕೂ ಮುಂಚಿನ ಹತ್ತೊಂಬತ್ತು ನಿಮಿಷ, ಫೋಟೋ ನೋಡಿದ್ದು, ಯು ಯು ಓದ್ಸಿದ್ದು, ಪೋಸ್ಟ್‌ಗ್ರೆಸ್ ನಿಲ್ಸಿದ್ದು, ಅದರಲ್ಲಿ ಒಂದು ನಿಮಿಷಾನೂ ನಾನು ವಾಪಸ್ ಕೇಳಲ್ಲ. ಮತ್ತೆ ಹುಡುಗ ಹೊಡೆದ ಆ ಐದಾರು ರೀಬೂಟು ಕೆಲಸ ಮಾಡ್ಲಿಲ್ಲ ಅನ್ನೋದೇ ನಮ್ಮ ಪುಣ್ಯ. ಈಗಿನ ಲಿನಕ್ಸಲ್ಲಿ ರೀಬೂಟ್ ಅಂದ್ರೆ ಸರ್ವಿಸ್‌ಗಳನ್ನೆಲ್ಲ ನೋಡ್ಕೊಳೋ ಸಿಸ್ಟಮ್‌ಡಿಗೆ ಕೊಡೋ ಅರ್ಜಿ, ಅದು ಒಂದೊಂದೇ ಸರ್ವಿಸ್ ನಿಲ್ಸತ್ತೆ, ನಿಲ್ಲದೇ ಇರೋದಕ್ಕೆ ತೊಂಬತ್ತು ಸೆಕೆಂಡ್ ಕಾಯತ್ತೆ. ಅರ್ಧ ಸತ್ತ ಮೆಷಿನ್ನಲ್ಲಿ ಆ ಅರ್ಜಿ ಸ್ವೀಕಾರ ಆಗಿದ್ರೆ ಮೊದ್ಲು ನಮ್ಮ ಎಸ್‌ಎಸ್‌ಎಚ್ ಹೋಗಿ, ಡೇಟಾಬೇಸ್ ನಿಂತಿತೋ ಇಲ್ವೋ ಗೊತ್ತಾಗ್ದೆ ಮಧ್ಯದಲ್ಲಿ ಸಿಕ್ಕಾಕ್ಕೊಂಡಿರ್ತಿತ್ತು. ನೆಟ್ಟಗಿರೋ ಸರ್ವರಿಗೆ ಆ ಅರ್ಜೀನೇ ಸರಿ, ತೊಂಬತ್ತು ಸೆಕೆಂಡ್ ಕಾಯೋಕೆ ಬೇಜಾರು ಅಂತ ಮೈನಸ್ ಎಫ್ (ಬಲವಂತ ಮಾಡು ಅಂತ) ಹಾಕೋರನ್ನ ಕಂಡ್ರೆ ನಂಗಾಗಲ್ಲ. ಎರಡು ಎಫ್ ಹಾಕಿದ್ರಂತೂ ಸರ್ವಿಸ್ ನಿಲ್ಸೋದೂ ಇಲ್ಲ ಅನ್‌ಮೌಂಟ್ ಮಾಡೋದೂ ಇಲ್ಲ, ಬಿ ಹೊಡೆದಂಗೇ ಹೆಚ್ಚುಕಮ್ಮಿ, ಆದ್ರೆ ಅದಕ್ಕೂ ಡಿಸ್ಕ್ ಮೇಲಿನ ಫೈಲ್ ಬೇಕು.

ಮುಂದಿನ ಭಾನುವಾರ ನಾನೇ ಬೆಂಗಳೂರಿಗೆ ಹೋಗಿ ಓಎಸ್‌ಗೂ ಎರಡು ಡಿಸ್ಕ್ ಹಾಕಿ ಮಿರರ್ ಮಾಡ್ದೆ. ಬ್ಯುಸಿಬಾಕ್ಸ್ ಅಂತ ಒಂದೇ ಫೈಲಲ್ಲಿ ನೂರಾರು ಕಮಾಂಡ್ ಇರೋ ಪ್ರೋಗ್ರಾಮಿದೆ, ಅದರ ಸ್ಟ್ಯಾಟಿಕ್ ಕಾಪಿಯನ್ನ ಬೂಟ್ ಆದಾಗ್ಲೇ ರ‍್ಯಾಮ್ ಮೇಲಿನ ಜಾಗಕ್ಕೆ ಹಾಕೋ ಹಾಗೆ ಮಾಡಿದೀನಿ, ಇನ್ನೊಂದ್ ಸಲ ಹೀಗಾದ್ರೆ ಎಕೋದಲ್ಲೇ ಸಂಸಾರ ಮಾಡೋದು ತಪ್ಪತ್ತೆ. ಮಾನಿಟರಿಂಗ್ ಈಗ ಪಿಂಗ್ ನೋಡಲ್ಲ, ಲಾಗಿನ್ ಮಾಡಿ ನೋಡತ್ತೆ.

ತೆಗೆದ ಎಸ್‌ಎಸ್‌ಡಿ ನಮ್ಮ ಆಫೀಸ್ ಡ್ರಾಯರಲ್ಲಿದೆ. ಯುಎಸ್‌ಬಿಗೆ ಹಾಕಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡತ್ತೆ, ಡಿಸ್ಕಿನ ಆರೋಗ್ಯ ಹೇಳೋ ಸ್ಮಾರ್ಟ್ ರಿಪೋರ್ಟಲ್ಲೂ ಎಲ್ಲ ಪಾಸ್. ಮನೆ ಪಿಸಿಗೆ ಹಾಕ್ಕೊಳ್ಲಾ ಅಣ್ಣಾ ಅಂತ ಹುಡ್ಗ ತಿಂಗಳಿಗೊಂದ್ ಸಲ ಕೇಳ್ತಾನೆ, ನಾನ್ ಕೊಡಲ್ಲ.